ಸುಮ್ಮನಿದ್ದರೆ ನಿದ್ದೆಹೋಗುವ ಟ್ರಾನ್ಸ್‌ಫಾರ್ಮರ್

ನನಗೆ ಮನುಷ್ಯರಿಗಿಂತ ಸಾಮಾನುಗಳ ಮೇಲೆ ಹೆಚ್ಚು ಸಿಟ್ಟು ಬರುತ್ತದೆ. ಮನುಷ್ಯರು ತಿರುಗಿ ಬೈಯುತ್ತಾರೆ ಎಂಬ ಹೆದರಿಕೆಯೂ ಇರಬಹುದೆನ್ನಿ. ಸದ್ಯಕ್ಕೆ ಸಿಟ್ಟು ಅಂಗೈಯಗಲದ ಒಂದು ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಮೇಲೆ. ಅಂಗಡಿಗಳ ಚಾವಣಿಯಲ್ಲಿ ಹ್ಯಾಲೊಜೆನ್ ದೀಪ ಉರಿಸಲು ಹುಟ್ಟಿದ ಪ್ರಾಣಿ ಅದು. ಅದನ್ನು ತಂದು ಆಂಪ್ಲಿಫೈಯರ್‌ಗೆ ಜೋಡಿಸಿದವನು ನಾನೇ. ಆದರೂ ಬೈಯುವುದು ಅದನ್ನೇ.

ಬಸವಕಲ್ಯಾಣದ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದಾಗ ನೀಲಮ್ಮ ಟೀಚರ್ ಕನ್ನಡ ಕಲಿಸುತ್ತಿದ್ದರು. ನಿವೃತ್ತಿಯ ನಂತರ ಗಂಟಲಿನ ಆಪರೇಷನ್ ಆಗಿ ಅವರ ದನಿ ಪಿಸುಮಾತಿಗಿಳಿಯಿತು. ಆದರೂ ಪ್ರತಿ ಸೋಮವಾರ ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿ, ಅಲ್ಲಿನ ಹೆಣ್ಣುಮಕ್ಕಳಿಗೆ ವಚನ ಓದಿ ಅರ್ಥ ಹೇಳುವುದನ್ನು ಬಿಟ್ಟಿರಲಿಲ್ಲ. ನಾನು ಮೊದಲು ಮಾಡಿಕೊಟ್ಟ ಆಂಪ್ಲಿಫೈಯರ್‌ನಲ್ಲಿ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇತ್ತು. ಹೊತ್ತೂ ಹೊತ್ತೂ ಅವರ ಭುಜ ಹಿಡಿದುಕೊಂಡಿತ್ತು.

"ಮಾಸ್ತರ್, ಹಗೂರ ಇರೋದು ಮಾಡಿಕೊಡ್ರಿ. ಇಲ್ಲಂದ್ರ ನಾ ಹೋಗೋದೇ ಬಿಡತೇನಿ" ಎಂದರು.

ಮನೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಓಡಿದರೆ ಹ್ಯಾಲೊಜೆನ್ ದೀಪದ ಈ ಹೊಸ ಡಬ್ಬಿಯೊಳಗೆ ಸಾವಿರಾರು ಸಲ ಓಡುತ್ತದೆ. ಹಾಗಾಗಿ ಕಬ್ಬಿಣದ ಭಾರ ಬೇಡ. ಆ ಓಟವನ್ನು ಒಂದೇ ದಿಕ್ಕಿಗೆ ತಿರುಗಿಸುವ ಚುರುಕು ಡಯೋಡ್ ಹಾಕಿ, ಮನೆಯಲ್ಲಿ ಕವ್ವಾಲಿ ಹಚ್ಚಿ ಪರೀಕ್ಷಿಸಿದೆ. ಕಿಟಕಿ ನಡುಗಿತು. ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡೇ ಪಾಸು ಮಾಡಿದಳು.

ಸೋಮವಾರ ಹುಮನಾಬಾದಿಗೆ ನಾನೂ ಜೊತೆಗೆ ಹೋದೆ. ಟೀಚರ್ ಒಂದು ಸಾಲು ಓದಿ, ಅರ್ಥ ಇಳಿಯಲೆಂದು ನಿಂತರು. ಡಬ್ಬಿಯೂ ನಿಂತಿತು! ಮತ್ತೆ ಬಾಯಿ ತೆರೆದರೆ ಮೊದಲ ಮಾತುಗಳನ್ನು ನುಂಗಿಯೇ ಎಚ್ಚರವಾಗುತ್ತಿತ್ತು. ಮುಂದೆ ಕೂತ ಒಬ್ಬ ಹೆಂಗಸು, "ಅಕ್ಕಾರ, ಜರಾ ಜೋರ್ಲೆ ಓದ್ರಿ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಜೋರಾಗಿ ಓದಲು ಬರುವಂತಿದ್ದರೆ ಈ ಡಬ್ಬಿ ಯಾಕೆ ಬೇಕಿತ್ತು? ಟೀಚರ್ ದನಿ ಏರಿಸಲು ಹೋಗಿ ಕೆಮ್ಮಿ ಕೆಮ್ಮಿ ಪುಸ್ತಕ ಮುಚ್ಚಿದರು.

ಮರುದಿನ ನಮ್ಮೂರಿನ ರೇಡಿಯೋ ಮೆಕ್ಯಾನಿಕ್ ಖಾಜಾಮಿಯಾ ಡಬ್ಬಿ ಬಿಚ್ಚಿ ನಕ್ಕರು. "ಮಾಸ್ತರ್ ಸಾಬ್, ದುಡಿಯಾಕ ಕೆಲಸ ಇಲ್ಲಂದ್ರ ಇದು ಮಲಗತದ. ನೀವು ಕವ್ವಾಲಿ ಹಚ್ಚಿ ನೋಡೀರಿ. ಟೀಚರ್ ಸುಮ್ಮ ಕುಂತಾಗ ನೋಡೀರೇನು?"

ನೋಡಿರಲಿಲ್ಲ. ಇಷ್ಟು ವರ್ಷ ಪ್ರಯೋಗ ಕಲಿಸಿದವನು ನಾನು! ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅರಚುವವರಿಗೆ ಮಾತ್ರ ಸಲಾಮು ಹೊಡೆಯುವ ಯಂತ್ರವಂತೆ, ಥೂ! ಸಂತೆಬೀದಿಯಲ್ಲಿ ಜಾಹೀರಾತು ಕೂಗುತ್ತ ಹೋಗುವ ಆಟೋಗಳು ಸಾಲವೇ? ಮೆತ್ತಗೆ ಮಾತಾಡುವವರು, ನಡುವೆ ತಡೆದು ಯೋಚಿಸುವವರು ಎಲ್ಲಿ ಹೋಗಬೇಕು? ನಾನು ಬೈಯುತ್ತಲೇ ಇದ್ದೆ. ಖಾಜಾಮಿಯಾ ಅಷ್ಟರಲ್ಲಿ ಡಬ್ಬಿಯ ಬೆನ್ನಿಗೆ ಆಟೋದ ಒಂದು ಹೆಡ್‌ಲೈಟ್ ಬಲ್ಬು ಜೋಡಿಸಿದರು. ಅದು ಸದಾ ಉರಿಯುವುದರಿಂದ ಡಬ್ಬಿಗೆ ನಿದ್ದೆ ಮಾಡಲು ಪುರುಸೊತ್ತಿಲ್ಲ.

ಮುಂದಿನ ಸೋಮವಾರ ಟೀಚರ್ ಒಂದು ಸಾಲು ಓದಿ ನಿಂತರು. ತುಂಬ ಹೊತ್ತು ನಿಂತರು. ಸ್ಪೀಕರ್‌ನಲ್ಲಿ ಅವರ ಉಸಿರೂ ಕೇಳುತ್ತಿತ್ತು. ಯಾರೂ ಜೋರಾಗಿ ಓದಿ ಎನ್ನಲಿಲ್ಲ. ಹೊಸ ಡಬ್ಬಿ ಬಂದ ಮೇಲೆ ಅವರು ಅವಸರವಿಲ್ಲದೆ ಓದಿದ್ದು ಅಂದೇ ಮೊದಲು.

ಮುಗಿದ ಮೇಲೆ ಹೋದ ವಾರದ ಅದೇ ಹೆಂಗಸು ಹತ್ತಿರ ಬಂದು, "ಮಾಸ್ತರ್, ಇಷ್ಟು ಬಿಸಲ ಅದ, ಹಗಲ್ನ್ಯಾಗ ಬಲ್ಬ್ ಯಾಕ ಹಚ್ಚೀರಿ?" ಎಂದಳು.

"ಟೀಚರ್‌ಗೆ ಸುಮ್ಮ ಕೂಡಾಕ ಬರಲಿ ಅಂತ, ಯವ್ವಾ" ಎಂದೆ.