ಕೊನೆಯ ಸಾಲಿಗೆ ಸಹಿ ಹಾಕದವರು

ನಮ್ಮ ಪಾಸ್ಟರಿಗೆ ಎಡಗಿವಿ ಪೂರ್ತಿ ಮಂದ. ಯಾರಾದರೂ ಮಾತಾಡಿಸಿದರೆ ಇಡೀ ಮೈ ತಿರುಗಿಸಿ, ಬಲಗಿವಿಗೆ ಅಂಗೈ ಒಡ್ಡಿ, ಬಾಯಿ ಸ್ವಲ್ಪ ತೆರೆದು ಕೇಳುತ್ತಿದ್ದರು. ಬಿಷಪ್ಪರು ಬಂದರೂ ಅಷ್ಟೇ, ನಾನು ಬಂದರೂ ಅಷ್ಟೇ.

ನಾನು ಕಮಲಾಪುರದ ಗೌಂಡಿ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟೆ. ಆದರೆ ನಾನು ಕಟ್ಟಿದ ಗೋಡೆಯಲ್ಲಿ ಇವತ್ತಿಗೂ ಯಾರೂ ಬಿರುಕು ತೋರಿಸಿಲ್ಲ.

ಸುತ್ತಲಿನ ಹಳ್ಳಿಗಳ ಸಣ್ಣ ಸಭೆಗಳಲ್ಲಿ ಪ್ರಾರ್ಥನೆ ನಡೆಸುವವರು ಕೂಲಿಯವರು, ಹೊಲದವರು. ಅವರಿಗೆ ಬೈಬಲ್ ವಾಕ್ಯ ಕಲಿಸುವವರಿರಲಿಲ್ಲ. ದೂರದ ಕಾಲೇಜುಗಳು ಡಿಗ್ರಿ ಕೇಳುತ್ತಿದ್ದವು, ಇಂಗ್ಲಿಷ್ ಕೇಳುತ್ತಿದ್ದವು. ಅದಕ್ಕೇ ಪಾಸ್ಟರು ಪ್ರತಿ ಶನಿವಾರ ಕಲಬುರಗಿಯಿಂದ ಬಸ್ಸಿನಲ್ಲಿ ಬಂದು ನಮ್ಮ ಚರ್ಚಿನಲ್ಲಿ ಹನ್ನೊಂದು ಮಂದಿಗೆ ಪಾಠ ಹೇಳುತ್ತಿದ್ದರು. ಪರೀಕ್ಷೆಗೆ ಕಾಗದ ಇರಲಿಲ್ಲ. ನಾನು ಚರ್ಚಿನ ಕಂಪೌಂಡ್ ಕಟ್ಟುತ್ತಿದ್ದೆ; ಒಬ್ಬೊಬ್ಬರೂ ನನ್ನ ಪಕ್ಕ ನಿಂತು ಉಪದೇಶ ಮಾಡಬೇಕಿತ್ತು. ಪಾಸ್ಟರು ಅವರಿಗೆ ಹೇಳುತ್ತಿದ್ದುದು ಇಷ್ಟೇ:

“ಗೌಂಡಿ ಕರಣೆ ಕೆಳಗಿಟ್ಟು ಕೇಳಿದ್ರ ಪಾಸು. ಇಟ್ಟಂಗಿ ಇಡ್ಕೋತ ಹೋದ್ರ ಮತ್ತ ಓದ್ಕೊಂಡು ಬಾ.”

“ನನ್ನ ಕೆಲಸಾ ಕೆಡಸ್ತೀರಿ ನೋಡ್ರಿ,” ಎಂದು ನಾನು ರೇಗಿಸಿದರೆ, “ಗೋಡಿ ನಾಳೆ ಏಳತದ ತಗೋಪಾ. ಇವರು ತಪ್ಪು ಹೇಳಿದ್ರ ಒಂದೂರು ಸಭಾನೇ ಬೀಳತದ,” ಎನ್ನುತ್ತಿದ್ದರು.

ಅಷ್ಟರಲ್ಲಿ ಹೊರದೇಶದಲ್ಲಿ ನಮ್ಮ ಮೂಲಸಭೆ ಸಿದ್ಧಾಂತದ ಜಗಳದಲ್ಲಿ ಎರಡಾಗಿ ಒಡೆಯಿತು. ಕಲಬುರಗಿಯಲ್ಲೂ ಎರಡು ಬಣವಾದವು. ಒಂದು ಬಣದ ಮುಖಂಡರು ತಮ್ಮ ಸಿದ್ಧಾಂತ ಬರೆದ ಕಾಗದ ಹಿಡಿದು ಪಾಸ್ಟರ ಬಳಿ ಬಂದರು. ಸಹಿ ಹಾಕಿದರೆ ಪುಸ್ತಕ, ಪಾಠ ಹೇಳಲು ಜನ, ಹನ್ನೊಂದೂ ಮಂದಿಗೆ ಸರ್ಟಿಫಿಕೇಟು. ಪಾಸ್ಟರು ಕಿವಿಗೆ ಕೈಯಿಟ್ಟು ಪೂರ್ತಿ ಓದಿಸಿ ಕೇಳಿದರು. ಇನ್ನೊಂದು ಬಣದವರ ಜೊತೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಕೂರಬಾರದು ಎಂಬುದು ಕೊನೆಯ ಸಾಲು. ಹನ್ನೊಂದರಲ್ಲಿ ನಾಲ್ವರು ಆ ಇನ್ನೊಂದು ಬಣದ ಹಳ್ಳಿಗಳವರು.

“ಮ್ಯಾಲಿಂದೆಲ್ಲಾ ನಾ ನಂಬ್ತೀನ್ರಿ. ಕೊನೀ ಸಾಲು ತಗೀರಿ, ಈಗೇ ಸಹಿ ಮಾಡ್ತೀನಿ.”

“ಒಂದು ಸಾಲಿಗೆ ಇಷ್ಟು ಹಟಾ ಯಾಕ್ರಿ?”

“ನೀವೂ ಅದೇ ಸಾಲಿಗೇ ಹಟಾ ಹಿಡದೀರಲ್ರಿ!”

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. “ನೀವು ಓದಿದವ್ರು, ನಿಮಗೇನ್ರಿ? ಕಾಗದ ಇಲ್ದವನ ತ್ರಾಸ ನನ್ನ ಕೇಳ್ರಿ,” ಎಂದುಬಿಟ್ಟೆ. ಅವರು ನನ್ನತ್ತ ಪೂರ್ತಿ ತಿರುಗಿ ಕೇಳಿದರು. ಆಮೇಲೆ ಬಸ್ಸಿಗೆ ನಡೆದರು. ಮುಂದಿನ ಶನಿವಾರ ಬಸ್ಸಿಳಿದವರೇ, “ನೀ ಅಂದಿದ್ದೂ ಖರೇ ಅದ,” ಎಂದರು.

ಐದು ಜನ ಸರ್ಟಿಫಿಕೇಟಿಗಾಗಿ ಕಾಗದ ತಂದ ಬಣದ ಶಾಲೆಗೆ ಹೋದರು. ಐವರಿಗೂ ಶಿಫಾರಸು ಪತ್ರ ಬರೆದುಕೊಟ್ಟವರು ಪಾಸ್ಟರೇ. ಉಳಿದ ಆರು ಮಂದಿಗೆ ಪಾಠ ನಡೆಯಿತು. ಎರಡೂ ಕಡೆಯವರು ಪಾಸ್ಟರನ್ನು ಅಡ್ಡಗೋಡೆ ಮೇಲಿನ ದೀಪ ಎಂದು ಆಡಿಕೊಂಡರು.

ಹೋದ ವರ್ಷ ಪಾಸ್ಟರು ತೀರಿಕೊಂಡರು. ಸಮಾಧಿ ಕಟ್ಟಿದವನು ನಾನು. ಕಲ್ಲಿನ ಮೇಲೆ ತಮ್ಮ ಸಭೆಯ ಹೆಸರು ಇರಲೆಂದು ಎರಡೂ ಬಣದವರು ಚೀಟಿ ಕಳಿಸಿದರು. “ನಿನಗ ಹ್ಯಾಂಗ ಸರಿ ಅನಸ್ತದ ಹಂಗ ಮಾಡಪಾ,” ಎಂದರು ಪಾಸ್ಟರ ಹೆಂಡತಿ ಅಮ್ಮನವರು. ಪಾಸ್ಟರ ಹೆಸರು, ಕೆಳಗೆ ‘ಪಾಠ ಹೇಳಿದವರು’, ಇಷ್ಟೇ ಕೆತ್ತಿಸಿದೆ.

ಅಂದು ಕಾಗದ ತಂದಿದ್ದ ಮುಖಂಡರು ಬಂದು ನೋಡಿದರು. “ಯಾವ ಸಭಾದವ್ರು ಅಂತ ಇಲ್ಲಲ್ಲೋ?”

“ಕಲ್ಲು ಸಣ್ಣದಾಯ್ತ್ರಿ,” ಎಂದೆ.

ಅಳತೆ ಕೊಟ್ಟು ಆ ಕಲ್ಲು ತರಿಸಿದವನು ನಾನೇ.