ಪೆಟ್ಟು ಕಲಿಸಲು ಬಂದ ತಾಳದಕ್ಕ

ತಾಳದಕ್ಕನ ಸುದ್ದಿ ಇಸ್ತ್ರಿಯವಳ ಕಿವಿಗೆ ಮೊದಲು ಬಿದ್ದದ್ದೇ ತಮಾಷೆಯಾಗಿ. ಇಸ್ತ್ರಿ ಅಂಗಡಿಯ ಯಜಮಾನ ಕೆಂಡಕ್ಕೆ ಗಾಳಿ ಬೀಸುತ್ತ, "ಗೊತ್ತಾಯ್ತೇನಮ್ಮ? ನಮ್ಮ ಮೇಲಿನ ಕೋಣೆಗೆ ಒಬ್ಬ ಹೆಂಗಸು ಬಂದಿದ್ದಾಳೆ. ಸಣ್ಣ ಸಣ್ಣ ಮಕ್ಕಳನ್ನ ಕೂರಿಸ್ಕೊಂಡು ಪೆಟ್ಟು ಹೇಳಿಕೊಡ್ತಾಳಂತೆ," ಎಂದ.

ಅವಳು ಅಂಗಿಯ ಕಾಲರನ್ನು ತಿರುವಿ ಹಾಕುತ್ತಲೇ ಅಂದಳು: "ಅದಕ್ಕೆ ಹೊರಗಿನೋರು ಯಾಕೆ ಬೇಕು ಯಜಮಾನ್ರೇ? ನಮ್ಮ ಮನೆಯವರ ಹತ್ರ ಕಳಿಸಿ. ಪುಕ್ಕಟೆ ಕಲಿಸ್ತಾರೆ."

ಯಜಮಾನ ಹೊಟ್ಟೆ ಕುಣಿಸಿ ನಕ್ಕ. ಅವಳೂ ನಕ್ಕಳು. ನಕ್ಕಾಗ ಎಡದವಡೆಯ ಸಡಿಲ ಹಲ್ಲು ಚುಳ್ ಎಂದಿತು.

"ಆ ಪೆಟ್ಟಲ್ಲಮ್ಮ. ತಾಳದ ಪೆಟ್ಟು. ಹಾಡಿನ ಪಾಠ."

ಅವಳ ಗಂಡನನ್ನು ಬೀದಿಯವರು ತಗಡಿನವನು ಎಂದೇ ಕರೆಯುತ್ತಿದ್ದರು. ಟ್ರಂಕು, ಬಕೆಟ್ಟು ಮಾಡುವ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮರದ ಕೊಡತಿ ಹಿಡಿದು ತಗಡು ಬಡಿಯುವ ಕೆಲಸ. ಕೈ ಚೊಕ್ಕ, ಅವನು ಮಡಿಸಿದ ಅಂಚು ಯಾರ ಬೆರಳನ್ನೂ ತರಚಿದ್ದಿಲ್ಲ. ಆದರೆ ಆ ಸದ್ದು ಅವನ ಕಿವಿಯಲ್ಲಿ ಗೂಡು ಕಟ್ಟಿತ್ತು, ನಿದ್ದೆಯಲ್ಲೂ ಗುಂಯ್ ಎನ್ನುತ್ತಿತ್ತಂತೆ. "ಹಗಲೆಲ್ಲ ಸದ್ದು ತಿಂದು ಬರ್ತೀನಿ. ಮನೇಲಿ ಸೂಜಿ ಬಿದ್ದರೂ ಕೇಳಿಸಬಾರದು," ಎನ್ನುವುದು ಅವನ ಕಾನೂನು. ಚಮಚ ತಟ್ಟೆಗೆ ತಗುಲಿದರೆ ಕೆನ್ನೆಗೆ ಬೀಳುತ್ತಿತ್ತು. ಕಿರಿಯ ಕೂಸು ಅತ್ತರೆ ಅದರ ಬಾಯಿಗೆ ಅಂಗೈ ಒತ್ತಿ ಹಿಡಿಯುತ್ತಿದ್ದ, ಮುಖ ನೀಲಿಗಟ್ಟುವ ತನಕ. ಬಿಡಿಸಲು ಹೋದಾಗಲೇ ಅವಳ ಹಲ್ಲು ಸಡಿಲಾದದ್ದು. ಅತ್ತೆ ಗೋಡೆಗೆ ಒರಗಿ ಕೂತು, "ಗಂಡಸಿನ ಕೈ ಅಂದ್ಮೇಲೆ ಏಳುತ್ತೆ, ಇಳಿಯುತ್ತೆ. ನಾನೇನು ತಿಂದಿಲ್ವಾ?" ಎನ್ನುವಳು, ತಾನು ತಿಂದದ್ದಕ್ಕೆ ರಸೀದಿ ಸೊಸೆಯ ಬೆನ್ನಿನ ಮೇಲೆ ಸಿಗಬೇಕೆಂಬಂತೆ.

ಹಿರಿಯ ಮಗಳು ಐದರ ಪೋರಿ. ಗಾತ್ರ ಸಣ್ಣದು, ಖಾರ ಜಾಸ್ತಿ ಅಂತ ಮೆಣಸು ಎಂದು ಕರೆಯುತ್ತಿದ್ದರು. ಅವಳನ್ನು ಅತ್ತೆಯ ಬಳಿ ಬಿಡಲು ಮನಸ್ಸು ಬಾರದೆ ತಾಯಿ ಅಂಗಡಿಗೇ ಕರೆತಂದು ಮೇಜಿನ ಕೆಳಗೆ ಕೂರಿಸುತ್ತಿದ್ದಳು. ಒಂದು ದಿನ ಬಗ್ಗಿ ನೋಡಿದರೆ ಮೆಣಸು ಇಲ್ಲ. ಅಂಗಡಿಯ ಮೂಲೆಗಳನ್ನೆಲ್ಲ ತಡಕಿ, ಕೊನೆಗೆ ಮೆಟ್ಟಿಲು ಹತ್ತಿದಳು.

ಮೇಲಿನ ಕೋಣೆಯಲ್ಲಿ ಚಾಪೆಯ ಮೇಲೆ ಮಕ್ಕಳ ಹಿಂಡು. ತಾಳದಕ್ಕ, ತಲೆ ನರೆತ ದಪ್ಪನೆಯ ಹೆಂಗಸು, ಬಾಗಿಲಿನ ಮರೆಯಲ್ಲಿ ನಿಂತು ಏನನ್ನೋ ಬಾರಿಸುತ್ತಿದ್ದರು. ಅದು ಯಾವ ಸದ್ದು ಅಂತ ಮಕ್ಕಳು ಹೇಳಬೇಕು. ಹಾಡು ಗೀಡು ಏನೂ ಇಲ್ಲ. ಅವರ ಪಾಠದಲ್ಲಿ ಮೊದಲು ಕಿವಿ, ಆಮೇಲೆ ಕೈ ಕಾಲು. ಬಾಯಿಗೆ ಸರದಿ ಬರುತ್ತಿದ್ದುದು ಎಷ್ಟೋ ತಿಂಗಳ ಮೇಲೆ.

"ಲೋಟ," ಎಂದಿತು ಒಂದು ಮಗು.

"ಲೋಟಾನೇ. ಆದ್ರೆ ಅರ್ಧ ನೀರಿದೆ," ಎಂದಳು ಮೆಣಸು. ಆಮೇಲೆ ತಲೆ ವಾಲಿಸಿ, "ಈಗ ಮೆಟ್ಟಿಲು ಹತ್ತಿ ಬಂದಿದ್ದು ನಮ್ಮಮ್ಮ. ಕೆಳಗೆ ಇನ್ನೊಬ್ರು ಬಂದ್ರು. ಕಾಲು ಎಳೀತಾರೆ. ಕೋಪ ಇಲ್ಲ."

ತಾಳದಕ್ಕ ಕಿಟಕಿಯಿಂದ ಬಗ್ಗಿ ನೋಡಿದರು. ಕುಂಟುವ ಮುದುಕನೊಬ್ಬ ಅಂಗಿ ಒಯ್ಯಲು ಬಂದಿದ್ದ. "ಅಬ್ಬಬ್ಬಾ! ತಂಗಿ, ನಿನ್ನ ಮಗಳದು ದೇವರು ಕೊಟ್ಟ ಕಿವಿ," ಎಂದರು.

ಆ ಕಿವಿ ಕೊಟ್ಟವರು ಯಾರೆಂದು ತಾಯಿಗೆ ಗೊತ್ತಿತ್ತು. ಸಂಜೆ ಅಪ್ಪನ ಹೆಜ್ಜೆ ಕೇಳಿ, ಇವತ್ತು ಮಂಚದ ಕೆಳಗೆ ತೂರಬೇಕೋ ಬೇಡವೋ ಎಂದು ಲೆಕ್ಕ ಹಾಕಿ ಹಾಕಿ ಚೂಪಾದ ಕಿವಿ ಅದು. ಕೋಣೆಯಲ್ಲಿ ಕೂತಿದ್ದ ಮಗಳ ಹೆಗಲು ಅವಳ ಕಣ್ಣಿಗೆ ಬಿತ್ತು. ಮನೆಯಲ್ಲಿ ಸದಾ ಕಿವಿಯ ತನಕ ಏರಿರುತ್ತಿದ್ದ ಹೆಗಲು ಇಲ್ಲಿ ಕೆಳಗಿಳಿದು, ಮಕ್ಕಳ ಹೆಗಲಿನಂತೆ ಇತ್ತು. ಏನಾದರಾಗಲಿ, ಈ ಹೊತ್ತು ಮಗಳ ಕೈ ತಪ್ಪಲು ಬಿಡಬಾರದು ಎಂದುಕೊಂಡಳು. ಗಂಡನಿಗೆ ತಿಳಿಯದ ಹಾಗೆ ಪಾಠ ಶುರುವಾಯಿತು.

ಪಾಠ ಏರುತ್ತಿದ್ದಂತೆ ಕೈಚಪ್ಪಾಳೆ ಬಂತು, ತೊಡೆಯ ಮೇಲೆ ತಾಳ ಬಂತು. ತಾಳದಕ್ಕ ದಿನವೂ ಮಕ್ಕಳನ್ನು ಕಳಿಸುವಾಗ ಬಾಗಿಲಲ್ಲಿ ನಿಂತು ಎಚ್ಚರಿಸುತ್ತಿದ್ದರು: "ಮನೇಲೂ ಮಾಡಬೇಕು. ಪೆಟ್ಟು ಸರಿಯಾಗಿ ಬೀಳಬೇಕು. ಒಂದೂ ತಪ್ಪಬಾರದು."

ಒಂದು ಸಂಜೆ ತಗಡಿನವನು ಅಪರೂಪಕ್ಕೆ ನಗುಮುಖದಲ್ಲಿ ಊಟಕ್ಕೆ ಕೂತಿದ್ದ. ಆ ನಗುವೇ ಮೆಣಸಿಗೆ ಮೋಸ ಮಾಡಿತು. ಅವಳ ಕೈ ತನಗರಿವಿಲ್ಲದೆ ತೊಡೆಯ ಮೇಲೆ ಆಡುತ್ತಿತ್ತು.

"ಏನೇ ಅದು?" ಎಂದ ಅಪ್ಪ.

"ಮನೇಲಿ ದಿನಾ ಪೆಟ್ಟು ಬೀಳಬೇಕಂತೆ ಅಪ್ಪಾ. ಒಂದೂ ತಪ್ಪಬಾರದಂತೆ. ಇಸ್ತ್ರಿ ಅಂಗಡಿ ಮೇಲಿನ ಅಕ್ಕ ಹೇಳಿದ್ರು."

ತುತ್ತು ಅವನ ಕೈಯಲ್ಲೇ ನಿಂತಿತು. ಹೆಂಡತಿಯ ಕಡೆ ತಿರುಗಿದ. "ಓಹೋ. ಮನೇಲಿ ಬೀಳೋದನ್ನ ಬೀದೀಲಿ ಹಂಚ್ಕೊಂಡು ಬಂದ್ಯಾ? ಮಗೂ ಬಾಯಲ್ಲಿ ನನ್ನ ಆಡ್ಕೋತೀರಾ?"

"ಅಯ್ಯೋ, ಅದು ಹಾಡಿನ..."

ತಟ್ಟೆಯ ಅಂಚು ಅವಳ ಹುಬ್ಬಿಗೆ ಬಡಿದು ಮಾತು ಅಲ್ಲಿಗೇ ತುಂಡಾಯಿತು. ಜುಟ್ಟು ಹಿಡಿದು ಎಳೆದ. ತಲೆಯನ್ನು ಗೋಡೆಗೆ ಕುಟ್ಟಿದ, ಟ್ರಂಕಿನ ಮೂಲೆ ಕುಟ್ಟುವ ಹಾಗೆ, ಅವಸರವಿಲ್ಲದೆ, ಒಂದೇ ಜಾಗಕ್ಕೆ. ಕೆಳಗೆ ಬಿದ್ದ ಮೇಲೆ ಪಕ್ಕೆಗೆ ಒದ್ದ. ಅವನ ಕಾಲು ತಬ್ಬಿ ಹಿಡಿದು ಮೆಣಸು ಕಿರುಚುತ್ತಿದ್ದಳು: "ಆ ಪೆಟ್ಟಲ್ಲಪ್ಪಾ! ಆ ಪೆಟ್ಟಲ್ಲಾ!"

ಮರುದಿನ ಯಜಮಾನ ಅವಳ ಊದಿದ ಮುಖ ನೋಡಿ, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ," ಎಂದು ಕೆಂಡದ ಕಡೆ ತಿರುಗಿದ. ತಾಳದಕ್ಕ ಮಾತ್ರ ಕೆಳಗಿಳಿದು ಬಂದು, ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ಯಾಕೆ ಹೊಡೆದ?"

"ನಿಮ್ಮ ಒಂದು ಮಾತಿಗೆ ಅಕ್ಕ," ಎಂದು ಅವಳು ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ನಗು ಬಂತು, ನಕ್ಕರೆ ಪಕ್ಕೆ ನೋಯುತ್ತಿತ್ತು.

ತಾಳದಕ್ಕ ನಗಲಿಲ್ಲ. ತಮ್ಮ ಬಲಗೈ ಚಾಚಿದರು. ನಡುಬೆರಳು ಕೊಕ್ಕೆಯಂತೆ ಸೊಟ್ಟಗಿತ್ತು. "ನಮ್ಮಪ್ಪ ಬ್ಯಾಂಡಿನಲ್ಲಿ ಡೋಲು ಬಾರಿಸ್ತಿದ್ದ. ನಂಗೆ ಪಾಠ ಹೇಳಿದ್ದೂ ಆ ಡೋಲಿನ ಕೋಲಲ್ಲೇ. ತಪ್ಪಿದ್ರೆ ಗೆಣ್ಣಿಗೆ ಬಿಡೋನು. ಇದು ಮುರಿದ ದಿನ ತಾಳ ಸರಿಯಾಗಿ ಬಂತು ಅಂತ ಖುಷಿಪಟ್ಟ. ಮಕ್ಕಳ ಮೈ ಮುಟ್ಟಲ್ಲ ಅಂತ ಅವತ್ತೇ ಆಣೆ ಹಾಕ್ಕೊಂಡೆ ಕಣೇ. ಕೋಲು ಬಿಟ್ಟೆ. ಅವನ ಮಾತು ನನ್ನ ಬಾಯಲ್ಲೇ ಉಳಿದಿತ್ತು ನೋಡು."

ಆವತ್ತಿನಿಂದ ಆ ಕೋಣೆಯಲ್ಲಿ ಪೆಟ್ಟು ಎನ್ನುವ ಮಾತು ನಿಂತುಹೋಯಿತು. "ತಟ್ಟು" ಎನ್ನತೊಡಗಿದರು, ಮಗುವನ್ನು ತಟ್ಟಿ ಮಲಗಿಸುವ ಆ ತಟ್ಟು. ಬೇರೆ ಮಕ್ಕಳು ಯಾಕೆ ಎಂದರೆ, "ಆ ಇನ್ನೊಂದು ಮಾತಾಡಿದ್ರೆ ನನ್ನ ಹುಳುಕು ಹಲ್ಲು ನೋಯುತ್ತೆ ಕಣ್ರೋ," ಎಂದುಬಿಟ್ಟರು. ಹಳೇ ಬಾಯಿ, ಒಮ್ಮೊಮ್ಮೆ 'ಪೆ' ಎಂದು ಶುರುವಾಗಿಬಿಡುತ್ತಿತ್ತು, ಆಗ ಮಕ್ಕಳೆಲ್ಲ "ಹಲ್ಲೂ!" ಎಂದು ಕೂಗುತ್ತಿದ್ದವು.

ತಾಯಿಗೂ ಒಂದು ಪಾಠ ಹಾಕಿದರು. "ದಿನಕ್ಕೆ ಒಂದು ಗಳಿಗೆ ನನ್ನ ಹತ್ರ ಬಂದ್ರೆ ಏನಾಗುತ್ತೆ? ಮನೇಲಿ ನೀನು ಹಾಡು. ತಲೆ ಬಾಚೋವಾಗ, ತರಕಾರಿ ಹೆಚ್ಚೋವಾಗ."

"ನನ್ನ ದನಿ ಕೇಳಿದ್ರೆ ಕಾಗೆ ಓಡುತ್ತೆ ಅಕ್ಕ."

"ಓಡ್ಲಿ. ಮಕ್ಕಳು ಓಡಲ್ಲ. ನಿನ್ನ ಗಂಡನ ಮುಂದೆ ಬೇಡ, ಅದು ಕೋಣನ ಮುಂದೆ ಕಿನ್ನರಿ."

"ಕೋಣ ಒದೆಯಲ್ಲ ಬಿಡಿ, ಪಾಪ."

ಹೀಗೆ ಮಧ್ಯಾಹ್ನ ಅವಳು ಉಣ್ಣಲು ಮನೆಗೆ ಬಂದ ಹೊತ್ತು, ಗಂಡ ಅಂಗಡಿಯಲ್ಲಿರುವಾಗ, ಮನೆಯಲ್ಲಿ ಗುಟ್ಟಾಗಿ ಹಾಡು ಹುಟ್ಟಿತು. ಅವಳ ಒರಟು ದನಿಗೆ ಮೆಣಸು ಬೋರಲು ಹಾಕಿದ ಪಾತ್ರೆ ತಟ್ಟುವಳು. ಕೂಸು ಒಂದು ಮುಚ್ಚಳ ಹಿಡಿದು ತನ್ನದೇ ತಾಳ ಹಾಕುವುದು. ಹಾಡುತ್ತಿದ್ದರೂ ತಾಯಿಯ ಒಂದು ಕಿವಿ ಬೀದಿಯ ಕಡೆಗೇ ಇರುತ್ತಿತ್ತು.

ಆ ದಿನ ತಗಡಿನ ಲಾರಿ ಬಾರದೆ ಟ್ರಂಕಿನ ಅಂಗಡಿ ಬೇಗ ಮುಚ್ಚಿತು. ಹಿಡಿ ಸಡಿಲವಾದ ಕೊಡತಿಯನ್ನು ರಿಪೇರಿಗೆಂದು ಕೈಯಲ್ಲಿ ಹಿಡಿದೇ ಅವನು ಮನೆಗೆ ಬಂದ. ಮೂವರೂ ಹಾಡಿನಲ್ಲಿ ಮುಳುಗಿದ್ದರು. ಅಂಥ ಕಿವಿಯ ಮೆಣಸಿಗೂ ಹೆಜ್ಜೆ ಕೇಳಿಸಲಿಲ್ಲ. ಅಷ್ಟು ನೆಮ್ಮದಿಯಲ್ಲಿತ್ತು ಆ ಮಗು.

"ನಿನ್ನ ಹೆಂಡ್ತಿ ದಿನಾ ಇದೇ ಕಛೇರಿ ನಡೆಸ್ತಾಳೆ," ಎಂದಳು ಅತ್ತೆ, ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಅವನು ಮೊದಲು ಪಾತ್ರೆಗಳನ್ನು ಬಡಿದ. ಒಂದೊಂದೂ ಚಪ್ಪಟೆಯಾಗುವ ತನಕ. ಆಮೇಲೆ ಮೆಣಸಿನ ಮುಂಗೈ ಹಿಡಿದು ಹೊಸ್ತಿಲಿನ ಕಲ್ಲಿನ ಮೇಲೆ ಒತ್ತಿದ. "ಯಾವ ಕೈಯಲ್ಲೇ ಬಾರಿಸ್ತಿದ್ದೆ? ಇದೇ ತಾನೆ?" ಕೊಡತಿ ಎತ್ತಿದ.

ತಾಯಿ ಮಗಳ ಕೈಯ ಮೇಲೆ ತನ್ನ ಬಲಗೈ ಹಾಸಿದಳು. ಕೊಡತಿ ಇಳಿಯಿತು. ಒಣ ಕಡ್ಡಿ ಮುರಿದಂಥ ಸದ್ದಾಯಿತು. ಎರಡನೆಯ ಸಲ ಎತ್ತುವಷ್ಟರಲ್ಲಿ ಅವನ ಮುಂಗೈಗೆ ಹಲ್ಲು ಊರಿದಳು, ರಕ್ತ ಬಾಯಿಗೆ ಬರುವ ತನಕ. ಅವನ ಹಿಡಿತ ತಪ್ಪಿತು. ಕೂಸನ್ನು ಕಂಕುಳಲ್ಲಿ ಇರುಕಿ, ಮೆಣಸನ್ನು ಮುಂದೆ ತಳ್ಳಿಕೊಂಡು ಹಾಡಹಗಲಲ್ಲಿ ಬೀದಿಗೆ ಬಿದ್ದು ಓಡಿದಳು.

ಇಸ್ತ್ರಿ ಅಂಗಡಿ ಮುಟ್ಟಿದ್ದೇ ಮಕ್ಕಳನ್ನು ಮೆಟ್ಟಿಲು ಹತ್ತಿಸಿದಳು. ಕಣ್ಣು ಕತ್ತಲಿಟ್ಟು ಕೆಳಗೇ ಕುಸಿದಳು. ಅವಳ ಬೆರಳು ನೋಡಿ ಯಜಮಾನನ ಬಾಯಿಂದ ಈ ಸಲ ಗಾದೆ ಹೊರಡಲಿಲ್ಲ. ನೀರು ಸುರಿದ. ಅಷ್ಟರಲ್ಲಿ ತಗಡಿನವನು ಇಬ್ಬರನ್ನೂ ದಾಟಿಕೊಂಡು ಮೆಟ್ಟಿಲೇರಿದ.

ಮೇಲಿನ ಮೆಟ್ಟಿಲಲ್ಲಿ ತಾಳದಕ್ಕ ಬಾಗಿಲಿಗೆ ಅಡ್ಡ ನಿಂತಿದ್ದರು.

"ಪಾಠ ನಡೀತಿದೆ. ಕೆಳಗೆ ಕಾಯಪ್ಪ."

"ನನ್ನ ಮಕ್ಕಳನ್ನ ಕಳಿಸು ಮುದುಕಿ."

"ಈ ಚಾಪೆ ಮೇಲೆ ಕೂತಿರೋ ತನಕ ನನ್ನ ಮಕ್ಕಳು."

ಅವನು ಕೈ ಹಿಡಿದು ಎಳೆದ. ಅವರು ಬಾಗಿಲ ಚೌಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. ಆ ಕೈಯ ಮೇಲೆ ಮುಷ್ಟಿಯಿಂದ ಗುದ್ದಿದ, ಹೊಟ್ಟೆಗೆ ಗುದ್ದಿದ, ಕೊನೆಗೆ ಎತ್ತಿ ಎಸೆದ. ಕಲ್ಲಿನ ಮೆಟ್ಟಿಲ ಮೇಲೆ ಆ ದಪ್ಪ ಮೈ ತಲೆಕೆಳಗಾಗಿ ಉರುಳಿ ಇಸ್ತ್ರಿಯವಳ ಕಾಲ ಬುಡಕ್ಕೇ ಬಂದು ಬಿತ್ತು. ಮೇಲೆ ಮಕ್ಕಳು ಒಟ್ಟಿಗೇ ಚೀರಿದವು.

ಅವಳು ಎದ್ದಳು. ಮೇಜಿನ ಮೇಲೆ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ಇತ್ತು. ಎಡಗೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಅವನು ಬಾಗಿಲಲ್ಲಿ ಬಗ್ಗಿ ಮೆಣಸಿನ ಜಡೆ ಹಿಡಿದಿದ್ದ. ಬಾಗಿದ ಬೆನ್ನಿನ ಮೇಲೆ ಪೆಟ್ಟಿಗೆ ಇಟ್ಟು ಮೈಭಾರ ಬಿಟ್ಟು ಒತ್ತಿದಳು. ಜನ್ಮದಲ್ಲಿ ಯಾರ ಅಂಗಿಯನ್ನೂ ಸುಟ್ಟವಳಲ್ಲ. ಮೊದಲು ಬಟ್ಟೆ ಸುಟ್ಟ ವಾಸನೆ ಬಂತು, ಅದರ ಬೆನ್ನಿಗೇ ಮಾಂಸದ್ದು. ಅವನ ಅರಚಾಟಕ್ಕೆ ಬೀದಿಯೇ ಓಡಿ ಬಂತು. ಯಜಮಾನನೂ ಇನ್ನಿಬ್ಬರೂ ಸೇರಿ ಬಟ್ಟೆ ಗಂಟಿನ ಹಗ್ಗದಲ್ಲೇ ಅವನನ್ನು ಕಟ್ಟಿ ಹಾಕಿದರು.

ಆಸ್ಪತ್ರೆಯ ಪಡಸಾಲೆಯಲ್ಲಿ ಪೊಲೀಸಿನವನು ಬೆಂಚಿನ ಮೇಲೆ ಕೂತು ಕೇಳಿದ: "ಆ ಹೆಂಗಸು ಹೇಗೆ ಬಿದ್ದಿದ್ದು?"

ಅತ್ತೆ ಮುಂದೆ ಬಂದಳು. "ಕಾಲು ಜಾರಿ ಸ್ವಾಮಿ. ವಯಸ್ಸಾಗಿದೆಯಲ್ಲ." ಆಮೇಲೆ ಸೊಸೆಯ ಕಡೆ ತಿರುಗಿ ಹಲ್ಲು ಕಚ್ಚಿ, "ಹೂಂ ಅನ್ನೇ. ಅವನು ಒಳಗೆ ಹೋದ್ರೆ ನಾಳೆ ನೀನೂ ನಿನ್ನ ಮಕ್ಕಳೂ ಏನು ತಿಂತೀರಾ?"

ಅವಳ ಬಲಗೈ ಬ್ಯಾಂಡೇಜಿನಲ್ಲಿ ಬೂದುಗುಂಬಳದಂತಿತ್ತು. ಆ ಕೈ ಇನ್ನು ಇಸ್ತ್ರಿ ಹಿಡಿಯುವುದೋ ಇಲ್ಲವೋ ಡಾಕ್ಟರಿಗೇ ಗೊತ್ತಿರಲಿಲ್ಲ. ಮೆಣಸು ಪಕ್ಕದಲ್ಲಿ ನಿಂತು ಅವಳ ಬಾಯಿಯನ್ನೇ ನೋಡುತ್ತಿದ್ದಳು. ಹೆಗಲು ಮತ್ತೆ ಕಿವಿಯ ತನಕ ಏರಿತ್ತು.

"ಬಿದ್ದಿದ್ದಲ್ಲ. ಎತ್ತಿ ಎಸೆದಿದ್ದು," ಎಂದಳು. "ಎಸೆದೋನು ನನ್ನ ಗಂಡ. ಈ ಬೆರಳು ಮುರಿದಿದ್ದೂ ಅವನೇ. ಅವನ ಬೆನ್ನು ಸುಟ್ಟಿದ್ದು ನಾನು. ಅದನ್ನೂ ಬರ್ಕೊಳ್ಳಿ."

ಅತ್ತೆ ಎದೆ ಬಡಿದುಕೊಂಡಳು. ಪೊಲೀಸಿನವನು ಬರೆದುಕೊಂಡ.

ಒಳಗೆ ತಾಳದಕ್ಕ ಮಂಚದ ಮೇಲೆ ಸೀಳಿದ ದಿಂಬಿನಂತೆ ಬಿದ್ದಿದ್ದರು. ತಲೆಗೆ ಪಟ್ಟಿ, ಸೊಂಟ ಮುರಿದಿತ್ತು, ಉಸಿರು ಎಳೆದಾಗಲೆಲ್ಲ ಒಳಗೇನೋ ಗೊರಗುಟ್ಟುತ್ತಿತ್ತು. ಹೆಚ್ಚು ಹೊತ್ತಿಲ್ಲವೆಂದು ದಾದಿ ಮೊದಲೇ ಹೇಳಿದ್ದಳು.

"ಹೇಳಿದ್ಯಾ?" ಎಂದರು.

"ಹೇಳ್ದೆ ಅಕ್ಕ. ಎಲ್ಲಾ."

ಅವರ ತುಟಿ ಒಂದಿಷ್ಟು ಅರಳಿತು. ತಲೆದಿಂಬಿನ ಕಡೆ ಕಣ್ಣು ಹೊರಳಿಸಿದರು. ಅಲ್ಲಿ ಕೋಣೆಯ ಬೀಗದ ಕೈ ಇತ್ತು. "ತಗೋ. ನಾಳೆ ಬೆಳಿಗ್ಗೆ ಮಕ್ಕಳು ಬರ್ತವೆ. ಹೋಗಿ ಬಾಗಿಲು ತೆಗೆದು ಕೂತ್ಕೋ."

"ನಾನಾ? ನಂಗೆ ಏನು ಬರುತ್ತೆ ಅಕ್ಕ? ಏನು ಕಲಿಸ್ಲಿ?"

"ಕಲಿಸ್ಬೇಡ ಕಣೇ. ಕಾಗೆ ಓಡಿಸೋ ದನೀಲಿ ಏನಾದ್ರೂ ಹಾಡು. ಇಲ್ಲಾ ಸುಮ್ನೆ ಕೂತಿರು. ಎಲ್ಲಾ ಮಕ್ಕಳೂ ಹಾಡು ಕಲಿಯೋಕೇ ಬರ್ತವೆ ಅಂದ್ಕೊಂಡ್ಯಾ? ನಿನ್ನ ಮೆಣಸಿನಂಥವು ಇನ್ನೂ ಎರಡು ಮೂರಿವೆ." ಉಸಿರು ಸಿಕ್ಕಿಕೊಂಡಿತು, ಬಿಡಿಸಿಕೊಂಡು ಮತ್ತೆ ಅಂದರು: "ಅವು ಬಂದಾಗ ಬಾಗಿಲಿಗೆ ಬೀಗ ಇದ್ರೆ ವಾಪಸ್ಸು ಮನೆಗೇ ಹೋಗಬೇಕಾಗುತ್ತೆ ಕಣೇ. ಬೀಗ ಹಾಕಿರಬೇಡ."