ಕುಂಚ ಚೂಪು ಮಾಡುವ ನಾಲಿಗೆ

ಉಡಚಪ್ಪ ಕಾಕಾನ ನಾಲಿಗೆಯ ಎಡಮಗ್ಗುಲಿನ ಆ ಬಿಳಿ ಕಲೆ ಏಳು ವಾರದಿಂದ ನನ್ನ ಕಣ್ಣ ಮುಂದಿನಿಂದ ಸರಿದಿಲ್ಲ. ಮೊದಲು ನೋಡಿದಾಗ ಜೋಳದ ಕಾಳಿನಷ್ಟಿತ್ತು. ನಡುವೆ ಬೆಳ್ಳಗೆ, ಅಂಚು ಕೆಂಪಗೆ. ಮಗಳ ಹಾಲು ಆರಿಸುವಾಗ, ಬಟ್ಟೆ ಒಣಹಾಕುವಾಗ, ಸ್ಕೂಟಿಗೆ ಬೀಗ ಹಾಕುವಾಗ ಅದೇ ಕಲೆ. ನಾನು ಹೆದರುಪುಕ್ಕಲಿ ಎಂದು ಇಡೀ ಓಣಿಗೆ ಗೊತ್ತು. ಮಗಳು ಎರಡು ಸಲ ಸೀನಿದರೆ ಡಾಕ್ಟರ ಬಳಿ ಓಡುವವಳು. ಹುಬ್ಬಳ್ಳಿಯಲ್ಲಿ ಓದಿ ಬಂದಾಕಿ, ಎಲ್ಲದಕ್ಕೂ ಮೊಬೈಲು ನೋಡುತ್ತಾಳೆ ಎನ್ನುತ್ತಾರೆ. ನಿಜ, ನೋಡುತ್ತೇನೆ. ಆ ಕಲೆ ಏನಿರಬಹುದೆಂದೂ ನೋಡಿದೆ. ನೋಡಬಾರದಿತ್ತು.

ಉಡಚಪ್ಪ ಕಾಕಾ ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯವರು. ಅರವತ್ತೆರಡು ವರ್ಷ. ನೇಕಾರರ ಮನೆತನವಾದರೂ ಹುಡುಗನಾಗಿದ್ದಾಗ ಅವರ ಕೈಗೆ ಸಿಕ್ಕಿದ್ದು ಮಗ್ಗವಲ್ಲ, ಚೌಕಳಿ ಕಾಗದ. ಸೀರೆಯ ಅಂಚಿನ ಹೂವನ್ನು ನೇಯುವ ಮೊದಲು ಅದನ್ನು ಸಣ್ಣ ಸಣ್ಣ ಚೌಕಗಳ ಹಾಳೆಯ ಮೇಲೆ ಬರೆದುಕೊಳ್ಳಬೇಕು. ಆ ಚೌಕಗಳಿಗೆ ಬಣ್ಣ ತುಂಬುವುದು ಅವರ ಕೆಲಸ. ಗೆರೆ ದಾಟಿದರೆ ಅಪ್ಪನಿಂದ ಏಟು. ಮೊನೆ ಸೂಜಿಯಂತಿರಲೆಂದು ಕುಂಚವನ್ನು ಮತ್ತೆ ಮತ್ತೆ ತುಟಿಗಳ ನಡುವೆ ಹಿಡಿದು ನಾಲಿಗೆಯ ಮೇಲೆ ಎಳೆಯುತ್ತಿದ್ದರಂತೆ. ಮುಂದೆ ಆ ಕೆಲಸವನ್ನು ಕಂಪ್ಯೂಟರು ಮಾಡತೊಡಗಿತು. ಕಾಕಾ ಜಲವರ್ಣಕ್ಕೆ ಬಂದರು. ಚಾಳಿಯೂ ಜೊತೆಗೇ ಬಂತು.

ಅವರ ಪೆಟ್ಟಿಗೆಯಲ್ಲಿ ಬಿಳಿ ಬಣ್ಣ ಇಲ್ಲ. ಡಂಬಳದ ಕೆರೆಯ ಮೇಲೆ ಬಿಸಿಲು ಬಿದ್ದ ಜಾಗವನ್ನು ಮುಟ್ಟದೆ ಬಿಟ್ಟು ಸುತ್ತ ನೀಲಿ ಹರಿಸುತ್ತಾರೆ. ಬರಿಯ ಕಾಗದವೇ ನೀರಾಗಿ ಮಿರುಗುತ್ತದೆ. ಅದನ್ನು ನೋಡಿಯೇ ನಾನು ಆರು ವರ್ಷದ ಮಗಳು ಸ್ಫೂರ್ತಿಯನ್ನು ಅವರ ಬಳಿ ಕಲಿಯಲು ಬಿಟ್ಟದ್ದು.

ಅವರ ಗೆಳೆಯ ಲಕ್ಷ್ಮೇಶ್ವರದ ಶಫೀಕ ಚಾಚಾ. ಅಂಗಡಿಗಳ ಬೋರ್ಡು, ಗಾಡಿಗಳ ನಂಬರು ಬರೆಯುವವರು. ಮೂವತ್ತು ವರ್ಷದ ಹಿಂದೆ ಮುಂಡರಗಿಯಲ್ಲಿ ಏಣಿ ಹತ್ತಿ ಗೋಡೆಯ ಮೇಲೆ ಎತ್ತು ಬರೆಯುತ್ತಿದ್ದಾಗ, ಬೀದಿಯಲ್ಲಿ ಹೊರಟಿದ್ದ ಉಡಚಪ್ಪ ಕಾಕಾ ಕೆಳಗೆ ನಿಂತು, "ಯಪ್ಪಾ, ನಿನ್ನ ಎತ್ತಿನ ನೆಳ್ಳು ಸೂರ್ಯಾನ ಕಡೇನ ಬಿದ್ದೈತಲ್ಲ" ಎಂದರಂತೆ. ಶಫೀಕ ಚಾಚಾ ಮೇಲಿನಿಂದಲೇ ಕುಂಚ ಚಾಚಿ, "ಭಾಳ ಶಾಣ್ಯಾ ಅದೀ, ಏರಿ ಬಾ, ನೀನ ಹಾಕು" ಎಂದರಂತೆ. ಕಾಕಾ ಏರಿ ಹಾಕಿದರು.

ಅಂದಿನಿಂದ ಪ್ರತಿ ಭಾನುವಾರ ಒಂದೇ ಬೈಕಿನಲ್ಲಿ ಶಿರಹಟ್ಟಿಗೋ ಡಂಬಳಕ್ಕೋ ಹೋಗಿ, ಪಕ್ಕಪಕ್ಕ ಕುಳಿತು, ಇಬ್ಬರೂ ಒಂದೇ ನೋಟವನ್ನು ಬರೆಯುತ್ತಾರೆ. ಮುಗಿದ ಮೇಲೆ ಹಾಳೆಗಳು ಅದಲುಬದಲು. ಕೆಟ್ಟದ್ದೆನಿಸಿದರೆ ಒಬ್ಬನ ಚಿತ್ರವನ್ನು ಇನ್ನೊಬ್ಬ ಹರಿಯಬಹುದು. ಬರೆದವನು ಯಾಕೆಂದು ಕೇಳುವಂತಿಲ್ಲ. ಕಾಕಾನ ಹೆಂಡತಿ ಮಂಜವ್ವ ಕಾಕು ಇದನ್ನು ಹೇಳಿ ನಗುತ್ತಾರೆ. "ನಾ ಹೇಳಿದ್ರ ಕೇಳಂಗಿಲ್ಲ, ಡಾಕ್ಟರ ಹೇಳಿದ್ರ ಕೇಳಂಗಿಲ್ಲ. ಶಫ್ಯಾ ಹಾಳಿ ಹರದ್ರ ಮಾತ್ರ ಗಪ್ಪ ಕುಂಡ್ರತೈತಿ ಈ ಮನಿಶ್ಯಾ."

ಹರಿಯದೆ ಉಳಿದವನ್ನು ಜೋಡಿ ಜೋಡಿಯಾಗಿ ತೂಗುಹಾಕಿ ಗದಗಿನಲ್ಲಿ ಒಂದು ಪ್ರದರ್ಶನ ಮಾಡಬೇಕೆನ್ನುವುದು ಶಫೀಕ ಚಾಚಾನ ಆಸೆ. ಈ ವರ್ಷ ಕೊನೆಗೂ ಒಂದು ಸಭಾಂಗಣ ಸಿಕ್ಕಿತ್ತು.

ಏಳು ವಾರದ ಹಿಂದೆ ಸ್ಫೂರ್ತಿ ನೀಲಿ ನಾಲಿಗೆ ಮಾಡಿಕೊಂಡು ಮನೆಗೆ ಬಂದಳು. ಅವಳ ಬಾಯಿ ತೊಳೆಸಿ, ಕೈ ಹಿಡಿದು ಎಳೆದುಕೊಂಡೇ ಹೋದೆ.

"ಕಾಕಾ, ಬಣ್ಣದಾಗ ಏನೇನ ಕೆಮಿಕಲ್ ಇರ್ತಾವೋ ಏನೋ. ನಿಮ್ಮನ್ನ ನೋಡಿ ಕೂಸೂ ಕುಂಚ ನೆಕ್ಕಾಕ ಹತ್ತೈತ್ರಿ."

"ಐವತ್ತ ವರ್ಷಾತು ನಾ ನೆಕ್ಕಾಕ ಹತ್ತಿ. ನನ್ನ ನಾಲಿಗಿ ಏನ ಉದರಿ ಬಿದ್ದೈತೇನು? ನೋಡಿಲ್ಲೆ" ಎಂದು ನಾಲಿಗೆ ಹೊರಚಾಚಿ ಅಣಕಿಸಿದರು. ಸ್ಫೂರ್ತಿ ನಕ್ಕಳು. ನನಗೆ ನಗು ಬರಲಿಲ್ಲ.

"ಅದೇನ್ರಿ ಕಾಕಾ, ಎಡಕ್ಕ?"

ಅವರು ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಂಡ ರೀತಿಯಲ್ಲೇ ತಿಳಿಯಿತು. ಅವರಿಗೆ ಅದು ಮೊದಲೇ ಗೊತ್ತಿತ್ತು.

"ಹಲ್ಲ ತಾಗಿ ಹುಣ್ಣಾಗೈತಿ" ಎಂದರು. ಆಮೇಲೆ ದನಿ ತಗ್ಗಿಸಿ, "ಶಫ್ಯಾಗ ಹೇಳಬ್ಯಾಡ. ನಾ ದವಾಖಾನಿ ಅಂದ್ರ ಅಂವಾ ಪ್ರದರ್ಶನಾ ಬಿಟ್ಟು ನನ್ನ ಕಾಲಾಗ ಬಂದು ಕುಂಡ್ರತಾನ. ಅದೊಂದ ಮುಗೀಲಿ, ಮರುದಿನಾನ ತೋರಸ್ತೀನಿ." ನಾನು ಒಪ್ಪದ್ದನ್ನು ಕಂಡು ಸ್ಫೂರ್ತಿಯ ತಲೆಯ ಮೇಲೆ ಕೈ ಇಟ್ಟರು. "ಈ ಕೂಸಿನ ಆಣಿ ಐತಿ ನಿನಗ."

ಕಕ್ಕುಲಾತಿಯಿಂದಲೇ ಇಟ್ಟ ಕೈ ಅದು. ಆದರೆ ಅದರ ಕೆಳಗೆ ನನ್ನ ಮಗಳ ತಲೆ ಇತ್ತು. ಆಣೆಪ್ರಮಾಣಗಳನ್ನು ನಾನು ನಂಬುವವಳಲ್ಲ, ಓದಿದವಳು. ಹಾಗೆಂದು ಎಷ್ಟು ಸಲ ಹೇಳಿಕೊಂಡರೂ ಫೋನು ಎತ್ತಿಕೊಂಡಾಗಲೆಲ್ಲ ಮತ್ತೆ ಕೆಳಗಿಡುತ್ತಿದ್ದೆ.

ಆಣೆ ಶಫೀಕ ಚಾಚಾನಿಗೆ ಹೇಳದಿರಲು ಮಾತ್ರ ತಾನೇ ಎಂದು ಮಂಜವ್ವ ಕಾಕುಗೆ ಹೇಳಿದೆ. ಅವರು ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಲೂ ಇಲ್ಲ. "ಮೊನ್ನೆ ನನ್ನ ಕಾಲು ಬಾತಾಗ ಕಿಡ್ನಿ ಅಂದಿ, ನೆಪ್ಪೈತೇನು? ಚಪ್ಪಲಿ ಬಿಗಿ ಆಗಿತ್ತವಾ ಅದು." ನನ್ನ ಗಂಡನಿಗೆ ಹೇಳಿದೆ. "ಮೊಬೈಲ್ ತೆಗೆದಿಡು" ಎಂದರು. ಅವರ ತಪ್ಪೇನಲ್ಲ. ನಾನು ಇಲ್ಲಿಯವರೆಗೆ ಹೆದರಿದ್ದೆಲ್ಲ ಸುಳ್ಳಾಗಿದೆ. ಇದೂ ಸುಳ್ಳಾಗಲೆಂದು ದಿನವೂ ದೇವರ ಮುಂದೆ ನಿಲ್ಲುತ್ತಿದ್ದೆ.

ಕಾಕಾ ಔಷಧದ ಅಂಗಡಿಯ ಮುಲಾಮು ಹಚ್ಚಿಕೊಂಡರು. ಅಡಿಕೆ ತಂಬಾಕು ಬಿಟ್ಟರು, ಎಂಟು ದಿನಕ್ಕೆ ಮತ್ತೆ ಹಿಡಿದರು. ದೋಷ ಬಣ್ಣದ್ದೋ ತಂಬಾಕಿನದೋ ಹಲ್ಲಿನದೋ ನನಗೆ ತಿಳಿಯದು. ಸಭಾಂಗಣದ ಚಾವಣಿ ಸೋರುತ್ತದೆಂದು ಪ್ರದರ್ಶನ ಹದಿನೈದು ದಿನ ಮುಂದೆ ಹೋಯಿತು. ಅದರೊಂದಿಗೆ ಕಾಕಾನ ಆ "ಮರುದಿನ"ವೂ ಹೋಯಿತು. ಒಂದು ಸಂಜೆ ಅವರು ಆಕಳಿಸಿದಾಗ ಮತ್ತೆ ಕಂಡೆ. ಕಡಲೆಬೇಳೆಯಷ್ಟಾಗಿತ್ತು.

ಇವತ್ತು ಬುಧವಾರ. ಶಾಲೆಗೆ ರಜೆ. ಬೆಳಿಗ್ಗೆ ಸ್ಫೂರ್ತಿ ಚಿತ್ರ ಬರೆದು ಬಂದವಳು ನನಗೆ ಖುಷಿಯಾಗುತ್ತದೆಂದೇ ಹೇಳಿದಳು.

"ಮಮ್ಮಿ, ಅಜ್ಜ ಈಗ ಕುಂಚ ನೆಕ್ಕಂಗೇ ಇಲ್ಲ. ಅಂಗಿ ತೋಳಿಗೆ ಒರಸ್ತಾನ."

"ನಾ ಹೇಳಿದ್ದಕ್ಕೇನು?"

"ಅಲ್ಲ. ನೆಕ್ಕಿದ್ರ ಉರೀತೈತಂತ."

ಮಜ್ಜಿಗೆಯ ನೆಪ ಮಾಡಿಕೊಂಡು ಹೋದೆ. ಕಾಕಾ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಬಲದವಡೆಯಲ್ಲಿ ಮೆಲ್ಲಗೆ ಒತ್ತಿ ನುಂಗುತ್ತಿದ್ದರು. ಬಿಸಿ ಏನೋ ಬಾಯಲ್ಲಿಟ್ಟುಕೊಂಡವರ ಹಾಗೆ ಮಾತು ತೊದಲುತ್ತಿತ್ತು. "ಪ್ರದರ್ಶನ ಮತ್ತ ಮುಂದ ಹೋಗೇತವ್ವ. ಇನ್ನೂ ಮೂರು ವಾರ" ಎಂದರು. ನಾಲಿಗೆ ತೋರಿಸಿರೆಂದೆ. ತಲೆ ಅಲ್ಲಾಡಿಸಿ ಕೆರೆಯ ಚಿತ್ರದತ್ತ ತಿರುಗಿದರು.

ಇನ್ನೂ ಮೂರು ವಾರ.

ಮನೆಗೆ ಬಂದು ಸ್ಫೂರ್ತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಮತ್ತೊಮ್ಮೆ ಮುಟ್ಟಿ ನೋಡಿದೆ. ಒಂದು ಕೈಯಿಂದ ಅವಳನ್ನು ಬಿಗಿಯಾಗಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ನಂಬರು ಒತ್ತಿದೆ.

"ಬೋಲೋ ಬೇಟಿ" ಎಂದರು ಶಫೀಕ ಚಾಚಾ. "ಫ್ರೇಮಿಗೆ ಗಾಜು ಹಾಕಸ್ಬೇಕೇನಂತ ಉಡಚ್ಯಾ ಕೇಳಾಕ ಹಚ್ಚ್ಯಾನೇನು? ಅವಗ ಹೇಳು, ಗಾಜು ಬ್ಯಾಡ, ಮಂದಿಗೆ ತಮ್ಮ ಮಾರೀನ ಕಾಣತೈತಿ."

"ಚಾಚಾ, ಕುಂತು ಕೇಳ್ರಿ" ಎಂದೆ. ಮೊದಲಿನಿಂದ ಹೇಳಿದೆ. ಜೋಳದ ಕಾಳು, ಕಡಲೆಬೇಳೆ, ಅಂಗಿಯ ತೋಳು.



"ಎರಡ ತಿಂಗಳಾತು ಅಂವಾ ನನ್ನ ಜೋಡಿ ಮಿರ್ಚಿ ಭಜಿ ತಿಂದಿಲ್ಲ" ಎಂದರು ಚಾಚಾ. "ಪಿತ್ತ ಆಗೇತಿ ಅಂದ. ನಾನೂ ಹೂಂ ಅಂದೆ."

"ನಿಮಗ ಹೇಳಬಾರದಂತ ನನ್ನ ಮಗಳ ಮ್ಯಾಲ ಆಣಿ ಹಾಕ್ಯಾರ್ರಿ."

"ಕೂಸು ಎಲ್ಲೈತಿ?"

"ನನ್ನ ತೊಡಿ ಮ್ಯಾಲ ಐತ್ರಿ."

"ಇರ್ಲಿ, ಹಂಗ ಕುಂಡ್ರಿಸ್ಕೋ. ಅಕಿಗೆ ಏನೂ ಆಗಂಗಿಲ್ಲ, ಆ ಆಣಿ ನನಗಿರ್ಲಿ. ನೀ ಹುಬ್ಬಳ್ಳ್ಯಾಗ ದೊಡ್ಡ ದವಾಖಾನಿಗೆ ನಾಳಿಗೆ ನಂಬರ ಹಚ್ಚಸು. ಅಂವನ್ನ ಗಾಡಿ ಹತ್ತಿಸೂದು ನನ್ನ ಕೆಲಸ. ಈಗ ಬರ್ತೀನಿ."

"ಪ್ರದರ್ಶನ, ಚಾಚಾ?"

ಫೋನು ಕಿವಿಗೆ ಹಿಡಿದೇ ಚಾಚಾ ತಮ್ಮ ಅಂಗಡಿಯ ಶಟರ್ ಕೆಳಗೆಳೆದ ಸದ್ದು ಕೇಳಿಸಿತು. ಆಗಿನ್ನೂ ಹಗಲು ಹನ್ನೊಂದು ಗಂಟೆ.